ಮಂಡೆಬಿಸಿ ಅಂದರೆ ಜ್ವರವಲ್ಲ



ಬೇಸರದಲ್ಲಿದ್ದವರೊಡನೆ ಮಾತಾಡುವ ಮೊಬೈಲ್ ಆ್ಯಪ್‌ಗಳ ವಿನ್ಯಾಸ ನನ್ನ ಕೆಲಸ. ಇದು ತೀರಾ ಹೊಸತಲ್ಲ. 1966ರಲ್ಲೇ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನಾವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು, ಅಷ್ಟೇ. ಆದರೂ ಜನ ಅದರೆದುರು ಮನಸ್ಸು ಬಿಚ್ಚಿದರು. ಈಗ ಬೆಂಗಳೂರಿನಲ್ಲಿ ಹುಟ್ಟಿದ ವೈಸಾದಂಥವು ಇವೆ.

ನಮ್ಮ ಕಡೆ ‘ಮಂಡೆಬಿಸಿ’ ಅಂದರೆ ಜ್ವರವಲ್ಲ ಎಂದು ಯಂತ್ರಕ್ಕೆ ಕಲಿಸಬಹುದು. ಕಷ್ಟ ಇರುವುದು ‘ಸಾಕಾಯ್ತ್ ಮಾರಾಯ’ ಎಂಬಲ್ಲಿ. ಗದ್ದೆ ಕೆಲಸ ಮುಗಿಸಿ ಬಂದವರೂ ಹಾಗನ್ನುತ್ತಾರೆ, ಪರೀಕ್ಷೆ ಫೇಲಾಗಿ ಬಾಗಿಲು ಹಾಕಿಕೊಂಡ ಹುಡುಗನೂ ಅನ್ನುತ್ತಾನೆ. ಅಮ್ಮನಿಗೆ ದನಿಯಲ್ಲೇ ಗೊತ್ತಾಗುತ್ತದೆ. ಟೈಪು ಮಾಡಿದ ಅಕ್ಷರಕ್ಕೆ ದನಿಯಿಲ್ಲ. ಹಾಗಾಗಿ ಯಂತ್ರ ಊಹಿಸಬಾರದು, “ಜೀವ ಬೇಡ ಅನ್ನಿಸ್ತಿದೆಯಾ?” ಎಂದು ನೇರ ಕೇಳಬೇಕು. (ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಹೆದರಿಕೆ ಬೇಡ.) ಹೌದೆಂದರೆ ತನ್ನ ಮಾತು ನಿಲ್ಲಿಸಿ ಮನುಷ್ಯರ ಕೈಗೆ ದಾಟಿಸಬೇಕು.

ಅದಕ್ಕೆ ಟೆಲಿ ಮಾನಸ್ ಇದೆ, ನಂಬರು 14416. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲೂ ರಾತ್ರಿಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾಷ್ಟ್ರೇ, ಟೀಚರೇ, ಪ್ರತಿ ತರಗತಿಯ ಕರಿಹಲಗೆಯ ಮೂಲೆಯಲ್ಲಿ ಈ ಐದು ಅಂಕಿ ಬರೆಸಿಡಿ, ಒರೆಸುವವರ ಕೈಗೆ ಸಿಗದಷ್ಟು ಎತ್ತರದಲ್ಲಿ.