ಅಡಿಕೆ ಮೇಲಿನ ತೀರ್ಮಾನ ಹೇಗೆ ಬಂತು



ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು, ಮದುವೆ, ಸಾಲದ ಕಂತು ಎಲ್ಲಕ್ಕೂ ಅಡಿಕೆ ಧಾರಣೆಯೇ ಆಧಾರ. ಹಾಗಾಗಿ ‘ಅಡಿಕೆ ಕ್ಯಾನ್ಸರ್‌ಕಾರಕ’ ಎಂಬ ಸುದ್ದಿ ಬಂದಾಗಲೆಲ್ಲ ಇಲ್ಲಿ ಏಳುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸಿಟ್ಟಿನೊಳಗೆ ನ್ಯಾಯವಾದ ಪ್ರಶ್ನೆಯೊಂದಿದೆ: ಇದನ್ನು ಯಾರು, ಯಾವ ಆಧಾರದ ಮೇಲೆ ಹೇಳಿದರು? ಈ ಎರಡು ದಿನದ ಸಮ್ಮೇಳನದಲ್ಲಿ ನಾವು ಆ ಪ್ರಶ್ನೆಯನ್ನು ಅರ್ಧಕ್ಕೆ ಬಿಡದೆ ಕೇಳಬೇಕು.

ಹೇಳಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಐಎಆರ್‌ಸಿ. ಒಂದು ವಸ್ತುವಿನ ಬಗ್ಗೆ ತೀರ್ಮಾನಿಸಲು ಅದು ಬೇರೆ ಬೇರೆ ದೇಶಗಳ ತಜ್ಞರನ್ನು ಕೂರಿಸಿ, ಆವರೆಗೆ ಪ್ರಕಟವಾದ ಅಧ್ಯಯನಗಳನ್ನು ಒಂದೊಂದಾಗಿ ಒರೆಗೆ ಹಚ್ಚಿಸುತ್ತದೆ. ನೋಡುವುದು ಮುಖ್ಯವಾಗಿ ಮೂರನ್ನು: ಮನುಷ್ಯರಲ್ಲಿ ಕಂಡದ್ದು, ಪ್ರಾಣಿಗಳಲ್ಲಿ ಕಂಡದ್ದು, ಜೀವಕೋಶದೊಳಗೆ ನಡೆಯುವುದು.

ಅಡಿಕೆಯ ವಿಷಯದಲ್ಲಿ ಈ ಸಂಸ್ಥೆ ಅವಸರ ಮಾಡಲಿಲ್ಲ. 1985ರಲ್ಲಿ ಪ್ರಕಟವಾದ ಅದರ ಸಂಪುಟ ಹೊಗೆಸೊಪ್ಪು ಸೇರಿದ ಕವಳ ಕ್ಯಾನ್ಸರ್ ತರುತ್ತದೆ ಎಂದಿತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಮಾತ್ರ, ಪುರಾವೆ ಸಾಲದು ಎಂದು ನಿಂತಿತು. ‘ದೋಷ ಹೊಗೆಸೊಪ್ಪಿನದು, ಅಡಿಕೆಯದಲ್ಲ’ ಎಂದು ನಮ್ಮ ಬೆಳೆಗಾರರು ಇಂದಿಗೂ ಹೇಳುವ ಮಾತನ್ನು ಆಗ ವಿಜ್ಞಾನವೂ ತಳ್ಳಿಹಾಕಿರಲಿಲ್ಲ.

ಆಮೇಲೆ ಏನಾಯಿತು ಎನ್ನುವುದೇ ಇಲ್ಲಿ ಮುಖ್ಯ. ಜನರಿಗೆ ಅಡಿಕೆ ತಿನ್ನಿಸಿ, ಹುಣ್ಣಾಗುತ್ತದೆಯೇ ಎಂದು ಇಪ್ಪತ್ತು ವರ್ಷ ಕಾದು ನೋಡುವಂತಿಲ್ಲ. ಆದ್ದರಿಂದ ಬಾಯಿ ಕ್ಯಾನ್ಸರ್ ಬಂದವರನ್ನೂ ಅದೇ ವಯಸ್ಸಿನ, ಅದೇ ಸೀಮೆಯ, ಆ ಕಾಯಿಲೆ ಇಲ್ಲದವರನ್ನೂ ಎದುರುಬದುರಿಟ್ಟು ವಿಚಾರಿಸುತ್ತಾರೆ. ಯಾವ ವಯಸ್ಸಿಗೆ ಕವಳ ಶುರುವಾಯಿತು, ದಿನಕ್ಕೆ ಎಷ್ಟು, ನುಂಗುವಿರೋ ಉಗುಳುವಿರೋ, ರಾತ್ರಿ ದವಡೆಯಲ್ಲಿಟ್ಟುಕೊಂಡೇ ಮಲಗುವಿರೋ. ತೊಡಕು ಇರುವುದು ಇಲ್ಲೇ. ಕವಳ ಹಾಕುವವರು ಬೀಡಿಯನ್ನೂ ಸೇದಿರುತ್ತಾರೆ, ಹೆಂಡವನ್ನೂ ಕುಡಿದಿರುತ್ತಾರೆ. ಯಾವುದರ ಪಾಲು ಎಷ್ಟೆಂದು ಬಿಡಿಸಬೇಕು. ಇದಕ್ಕೆ ತೈವಾನ್ ನೆರವಾಯಿತು. ಅಲ್ಲಿಯ ಕವಳಕ್ಕೆ ಹೊಗೆಸೊಪ್ಪು ಬೀಳುವುದಿಲ್ಲ. ಧೂಮಪಾನ, ಮದ್ಯಪಾನದ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಕವಳ ಹಾಕುವವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿಯೇ ಉಳಿಯಿತು. ದಿನದ ಕವಳ ಹೆಚ್ಚಿದಂತೆ, ವರ್ಷಗಳು ಕೂಡಿದಂತೆ ಅಪಾಯವೂ ಏರಿತು. 2003ರ ಜೂನ್‌ನಲ್ಲಿ ಲಿಯಾನ್‌ನಲ್ಲಿ ಸೇರಿದ ತಜ್ಞರು ಹೊಗೆಸೊಪ್ಪಿಲ್ಲದ ಕವಳವನ್ನೂ, ಅಡಿಕೆಯನ್ನೂ ಗ್ರೂಪ್ 1ಕ್ಕೆ ಸೇರಿಸಿದರು.

ಅಡಿಕೆಯನ್ನೇ ಬೇರೆಯಾಗಿ ಹೆಸರಿಸಿದ್ದೇಕೆ? ಕವಳದ ಉಳಿದ ಸಾಮಗ್ರಿ ಊರಿಂದೂರಿಗೆ ಬದಲಾಗುತ್ತದೆ, ಎಲ್ಲ ಕಡೆಯೂ ಇರುವುದು ಅಡಿಕೆಯೊಂದೇ. ಜೊತೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದೆ. ಇಲ್ಲಿರುವ ದಂತವೈದ್ಯರು ಅದನ್ನು ನಿತ್ಯ ನೋಡುತ್ತಾರೆ. ಕೆನ್ನೆಯ ಒಳಪದರ ಬಿಳಿಚಿ ಬಿಗಿಯಾಗುತ್ತದೆ, ಸಾರಿನ ಖಾರ ತಾಗಿದರೂ ಉರಿ. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದು ಬೆರಳು ತೂರಿಸುವುದೂ ಕಷ್ಟ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ, ಇದಕ್ಕೆ ಕಾರಣ ಅಡಿಕೆ. ಕೋಶದ ಮಟ್ಟದ ಪುರಾವೆಯೂ ಅದೇ ದಿಕ್ಕಿಗಿತ್ತು: ಸುಣ್ಣ ಸೇರಿ ಬಾಯಿ ಕ್ಷಾರೀಯವಾದಾಗ ಅಡಿಕೆಯ ಪಾಲಿಫೀನಾಲ್‌ಗಳಿಂದ ಡಿಎನ್‌ಎಗೆ ಹಾನಿ ಮಾಡುವ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಆರೋಗ್ಯಕರ ಎಂದು ನಾವು ನಂಬಿಕೊಂಡು ಬಂದ ಸುಣ್ಣದ ಈ ಪಾತ್ರ ನನ್ನನ್ನು ಬಹಳ ಕಾಡಿದೆ.

ಗ್ರೂಪ್ 1 ಎಂದರೆ ಏನು ಎಂಬಲ್ಲಿ ಪತ್ರಿಕೆಗಳು ಪದೇ ಪದೇ ಎಡವುತ್ತವೆ. ಅದೇ ಪಟ್ಟಿಯಲ್ಲಿ ಬಿಸಿಲು, ಮದ್ಯ, ತಂಬಾಕು, ಸಂಸ್ಕರಿಸಿದ ಮಾಂಸವೂ ಇವೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕೊಲ್ಲುತ್ತವೆ ಎಂದಲ್ಲ; ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದಷ್ಟೇ. ಎಷ್ಟು ತಿಂದರೆ ಎಷ್ಟು ಅಪಾಯ ಎನ್ನುವುದು ಬೇರೆಯೇ ಲೆಕ್ಕ. 2020ರಲ್ಲಿ ಪರಿಶೀಲಿಸಿದಾಗ ಅಡಿಕೆಯೊಳಗಿನ ಅರೆಕೋಲಿನ್ ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎನ್ನುವ 2ಬಿ ಗುಂಪಿಗೆ ಸೇರಿತು. ‘ನೋಡಿ, ಅನುಮಾನ ಮಾತ್ರ’ ಎಂದು ಅದನ್ನು ಉದ್ಧರಿಸುವವರಿದ್ದಾರೆ. ಪ್ರತ್ಯೇಕಿಸಿದ ಒಂದು ರಾಸಾಯನಿಕದ ಮೇಲೆ ಪುರಾವೆ ಕಡಿಮೆ ಇದ್ದರೆ ಇಡೀ ಅಡಿಕೆಯ ಮೇಲಿರುವ ಪುರಾವೆ ತೆಳುವಾಗುವುದಿಲ್ಲ.

ಲೆಕ್ಕವೂ ನಮ್ಮ ಮುಂದಿದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣವೆಂದು ಐಎಆರ್‌ಸಿ ಅಂದಾಜಿಸಿದೆ. ಅದರಲ್ಲಿ ಸುಮಾರು 83,000 ಭಾರತದವು.

ಬೆಳೆಗಾರರು ಇನ್ನಷ್ಟು ಸಂಶೋಧನೆ ಬೇಕೆನ್ನುತ್ತಾರೆ. ಬೇಕು, ನಾನೂ ಕೇಳುತ್ತೇನೆ. ಆದರೆ ಉತ್ತರ ನಮಗೆ ಹಿಡಿಸುವಂತೆಯೇ ಇರಬೇಕೆಂಬ ಷರತ್ತು ಹಾಕಿ ಅಲ್ಲ. ಅಡಿಕೆಯ ಬೇರೆ ಉಪಯೋಗಗಳ ಕುರಿತು ನಾಳೆಯ ಗೋಷ್ಠಿಗಳಲ್ಲಿ ಗಂಭೀರ ಚರ್ಚೆಯಾಗಲಿ, ಏಕೆಂದರೆ ತೋಟವನ್ನೇ ನಂಬಿದ ಕುಟುಂಬಕ್ಕೆ ದಾರಿ ತೋರಿಸದೆ ಬರೀ ಎಚ್ಚರಿಕೆ ಕೊಡುವುದು ಕ್ರೂರ. ವೈದ್ಯರಲ್ಲಿ ನನ್ನದೊಂದು ಕೋರಿಕೆ: ಕೇಸ್ ಶೀಟಿನಲ್ಲಿ ‘ಎಲೆಅಡಿಕೆ ಅಭ್ಯಾಸವಿದೆ’ ಎಂದಷ್ಟೇ ಬರೆದು ಮುಗಿಸಬೇಡಿ. ಹಸಿಯೋ, ಬೇಯಿಸಿದ್ದೋ, ಚಾಲಿಯೋ, ಸುಣ್ಣವೆಷ್ಟು, ಹೊಗೆಸೊಪ್ಪುಂಟೋ, ಎಷ್ಟು ವರ್ಷದಿಂದ ಎಂದು ಬರೆಯಿರಿ. ಶಿರಸಿಯ ಕವಳ, ಕಲಬುರಗಿಯ ಗುಟ್ಕಾ ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿಟ್ಟರೆ ಮುಂದೆ ಯಾವ ತಜ್ಞರೂ ಅವನ್ನು ಬೇರ್ಪಡಿಸಲಾರರು.