ಮಗು ಓದಲಿ, ನಾವು ಕೂತು ಕೇಳೋಣ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘದ ಬೆಳ್ಳಿಹಬ್ಬದಲ್ಲಿ ಪುಸ್ತಕದ ಮಾತು ಯಾಕಪ್ಪಾ ಅಂತ ತಮಗೆ ಅನ್ನಿಸಬಹುದು. ಕಾರಣ ಇದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರಿಗಾಗಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ತಮಗೆಲ್ಲ ತಿಳಿದ ವಿಷಯ. ಒಬ್ಬನಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಎಂಬುದೇ ಸಹಕಾರದ ತಿರುಳು. ಓದಿಗೂ ಇದೇ ಮಾತು ಸಲ್ಲುತ್ತದೆ ಎಂಬುದನ್ನು ನಮ್ಮ ಪಂಚಾಯತಿ ಗ್ರಂಥಾಲಯದಲ್ಲಿ ನಾವು ಕಂಡುಕೊಂಡೆವು.

ಗ್ರಂಥಾಲಯ ನಮಗೆ ಬಿಟ್ಟಿ ಬಂದದ್ದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಮಕ್ಕಳು ಒಳಗೆ ಹೋದರು. ನಾವು ಹೊರಗಿನ ಕಟ್ಟೆಯ ಮೇಲೇ ಉಳಿದೆವು. ಮಗು ಕಥೆ ಪುಸ್ತಕ ಹಿಡಿದರೆ “ಪಾಠ ಓದ್ಕೋ ಹೋಗು” ಅಂತ ಗದರಿದೆವು. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಓದು ಬಾರದು. ಮಕ್ಕಳೆದುರು ಅದು ಬಯಲಾಗುತ್ತಲ್ಲಾ ಎಂಬ ನಾಚಿಕೆ.

ಆಮೇಲೆ ಒಂದು ಏರ್ಪಾಡು ಮಾಡಿದೆವು. ಅಮಾವಾಸ್ಯೆ ದಿನ ನಮ್ಮಲ್ಲಿ ಎತ್ತು ಹೂಡೋದಿಲ್ಲ. ಆ ಸಂಜೆ ತಂದೆಯೋ ತಾಯಿಯೋ ಅಜ್ಜಿಯೋ ಮಗುವಿನ ಜೊತೆ ಗ್ರಂಥಾಲಯಕ್ಕೆ ಬರಬೇಕು. ಮಗು ಓದಬೇಕು, ದೊಡ್ಡವರು ಕೇಳಬೇಕು. ಮುಗಿದ ಮೇಲೆ ದೊಡ್ಡವರು ತಮಗೆ ಹೊಳೆದದ್ದನ್ನು ಹೇಳಬೇಕು. ಪರೀಕ್ಷೆಯಿಲ್ಲ, ಯಾರೂ ತಪ್ಪು ತೆಗೆಯುವಂತಿಲ್ಲ.

ಮೊದಲ ಸಂಜೆ ಬಂದದ್ದು ನಾಲ್ಕೇ ಮನೆಯವರು. ಹೆಬ್ಬೆಟ್ಟು ಒತ್ತುವ ನಮ್ಮ ಸದಸ್ಯರೊಬ್ಬರು ಬಾಗಿಲಲ್ಲೇ ನಿಂತರು. ಮಗಳು “ಅಪ್ಪಾ, ನೀನು ಕೇಳಿದ್ರೆ ಸಾಕು” ಅಂತ ಕೈ ಹಿಡಿದು ಕರೆತಂದಳು. ಆವತ್ತು ಪಂಚತಂತ್ರದ ಕಾಗೆ ಮತ್ತು ಹಾವಿನ ಕಥೆ. ಕಾಗೆ ಉಪಾಯ ಹೂಡಿ ಹಾವನ್ನು ಕೊಲ್ಲಿಸಿತು ಎಂದು ಮಗಳು ಓದಿ ಮುಗಿಸಿದಳು. ಅವರು ಸುಮ್ಮನಿರಲಾರದೆ, “ಹಾವೇ ಇಲ್ಲದಿದ್ರೆ ಇಲಿ ತಿಂದು ಕಾಳೆಲ್ಲ ಖಾಲಿ ಆಗೋದು, ಅದನ್ನ ಯಾರು ಬರೀಬೇಕು?” ಅಂದರು. ಮಕ್ಕಳೆಲ್ಲ ಅವರ ಸುತ್ತ ಸೇರಿದರು. ಅಪ್ಪ ಹೇಳಿದ್ದನ್ನು ಮಗಳು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಅಕ್ಷರ ಬಾರದವರಿಗೆ ಹೇಳೋಕೆ ಏನೂ ಇಲ್ಲ ಅನ್ನೋದು ಸುಳ್ಳು ಅಂತ ನಮಗೆ ಆವತ್ತು ತಿಳಿಯಿತು.

ಕೆಲವು ತಿಂಗಳು ಕಳೆದ ಮೇಲೆ ಅದೇ ಸದಸ್ಯರು ಸಂಘದ ಕಛೇರಿಗೆ ಮಗಳನ್ನು ಕರೆತಂದರು. ಬೆಳೆ ಸಾಲದ ಪತ್ರವನ್ನು ಪೂರ್ತಿ ಓದಿಸಿ ಕೇಳಿದರು. ಕಟ್ಟಬೇಕಾದ ದಿನ ಯಾವುದು, ತಪ್ಪಿದರೆ ಬಡ್ಡಿ ಎಷ್ಟು ಅಂತ ವಿಚಾರಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದರು. ಅದುವರೆಗೆ ತೋರಿಸಿದ ಜಾಗದಲ್ಲಿ ಒತ್ತಿ ಹೋಗುತ್ತಿದ್ದವರು ಅವರು. ಕೇಳಿ ತಿಳಿದುಕೊಳ್ಳುವ ಸದಸ್ಯರಿದ್ದರೆ ತಾನೇ ಸಂಘ ಗಟ್ಟಿ?

ಎಲ್ಲವೂ ಸರಿಯಾಗಿ ನಡೆದಿದೆ ಎನ್ನಲಾರೆವು. ಸುಗ್ಗಿಯಲ್ಲಿ ಕೂಟ ನಿಂತೇ ಹೋಗುತ್ತದೆ. ತಾಯಂದಿರು ಬರುತ್ತಾರೆ, ತಂದೆಯರು ಕಡಿಮೆ. ಗ್ರಂಥಾಲಯ ಶಾಸ್ತ್ರದ ಹಿರಿಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಬೀರುವಿನಲ್ಲಿಟ್ಟು ಧೂಳು ಹಿಡಿಸಿದರೆ ನಾವು ಕಟ್ಟಿದ ಕರವೂ ದಂಡ, ಮಕ್ಕಳ ಹಂಬಲವೂ ದಂಡ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಮುಂದಿನ ಅಮಾವಾಸ್ಯೆ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಮಗುವಿನ ಜೊತೆ ಬನ್ನಿ. ಷೇರು ಹಣ ಬೇಡ, ಕಿವಿಯೊಂದು ತಂದರೆ ಸಾಕು.