ಹೃದಯ ನಿಂತಾಗ ತಂಡವನ್ನು ನಡೆಸುವುದು ಹೇಗೆ?

ವಾರ್ಡಿನಲ್ಲಿ ರೋಗಿಯೊಬ್ಬರ ಹೃದಯ ಇದ್ದಕ್ಕಿದ್ದಂತೆ ನಿಂತುಹೋದರೆ ಡಾಕ್ಟರು, ಸಿಸ್ಟರು, ವಾರ್ಡ್‌ಬಾಯ್ ಎಲ್ಲರೂ ಓಡಿಬರುತ್ತಾರೆ. ಆದರೆ ಜನ ಸೇರಿದ ಮಾತ್ರಕ್ಕೆ ಅದು ತಂಡವಾಗುವುದಿಲ್ಲ. ಹತ್ತು ಮಂದಿ ಸುತ್ತ ನಿಂತಿದ್ದರೂ ಎದೆ ಒತ್ತುವವರು ಇಲ್ಲದಿರಬಹುದು. ಒಂದೇ ಇಂಜೆಕ್ಷನ್ ಎರಡು ಸಲ ಹೋಗಿಬಿಡಬಹುದು. ರಕ್ತಸಂಚಾರ ನಿಂತ ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಶಾಶ್ವತ ಹಾನಿ ತಗಲಬಹುದು. ಆದ್ದರಿಂದ ಇಲ್ಲಿ ಔಷಧದಷ್ಟೇ ಮುಖ್ಯವಾದುದು ವ್ಯವಸ್ಥೆ. ತರುಣ ವೈದ್ಯರೂ ದಾದಿಯರೂ ಆದ ನಿಮಗಾಗಿ ಈ ನಾಲ್ಕು ಮಾತು.

ಎದೆಯನ್ನು ಸೀಳದೆ, ಹೊರಗಿನಿಂದ ಒತ್ತಿಯೇ ರಕ್ತಸಂಚಾರ ನಡೆಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ 1960ರಲ್ಲಿ ಪ್ರಕಟಿಸಿದರು. ಇಂದಿಗೂ ಚಿಕಿತ್ಸೆಯ ಬೆನ್ನೆಲುಬು ಅದೇ. ವಯಸ್ಕರಲ್ಲಿ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒತ್ತುವವರು ಬೇಗ ದಣಿಯುತ್ತಾರೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ನಡುವಿನ ಬಿಡುವು ಹತ್ತು ಸೆಕೆಂಡು ಮೀರಬಾರದು. ಇದನ್ನೆಲ್ಲ ಗಮನಿಸುವವರು ಯಾರು? ನಾಯಕ.

ನಾಯಕನಾದವನು ಮೊದಲು ಅದನ್ನು ಬಾಯಿಬಿಟ್ಟು ಹೇಳಬೇಕು. ಸಾಧ್ಯವಾದರೆ ಮಂಚದ ಕಾಲ್ದೆಸೆಯಲ್ಲಿ, ಕೈ ಖಾಲಿ ಇಟ್ಟುಕೊಂಡು ನಿಲ್ಲಬೇಕು. ಗಂಟಲಿಗೆ ನಳಿಕೆ ಹಾಕಲು ಬಗ್ಗಿದ ಕ್ಷಣದಿಂದ ಅವನಿಗೆ ಗಂಟಲು ಮಾತ್ರ ಕಾಣುತ್ತದೆ, ರೋಗಿ ಕಾಣುವುದಿಲ್ಲ.

"ಯಾರಾದರೂ ಅಡ್ರಿನಲಿನ್ ಕೊಡಿ" ಎಂಬ ಮಾತು ಯಾರಿಗೂ ಹೇಳಿದ್ದಲ್ಲ. ಒಬ್ಬರ ಮುಖ ನೋಡಿ, ಹೆಸರು ಹಿಡಿದು, "ಅಡ್ರಿನಲಿನ್ ಒಂದು ಮಿಲಿಗ್ರಾಂ, ಶಿರೆಗೆ" ಎನ್ನಿ. ಅವರು ಅದನ್ನೇ ತಿರುಗಿ ಹೇಳಲಿ; ಕೊಟ್ಟಮೇಲೆ "ಕೊಟ್ಟೆ ಸಾರ್" ಎನ್ನಲಿ. ಇನ್ನೊಬ್ಬರು ವೇಳೆ ಬರೆದುಕೊಳ್ಳಲಿ. ಮೂರರಿಂದ ಐದು ನಿಮಿಷಕ್ಕೊಮ್ಮೆ ಕೊಡುವ ಔಷಧಕ್ಕೆ ಗಡಿಯಾರವೇ ಸಾಕ್ಷಿ. ಶಾಕ್ ಕೊಡುವ ಮುನ್ನ ಎಲ್ಲರೂ ದೂರ ಸರಿದುದನ್ನು ಕಣ್ಣಾರೆ ನೋಡಿ.

ಎರಡು ನಿಮಿಷಕ್ಕೊಮ್ಮೆ ಆದದ್ದನ್ನು ಗಟ್ಟಿಯಾಗಿ ಒಪ್ಪಿಸಿ, ಕಾರಣ ಹುಡುಕಿ: ಆಮ್ಲಜನಕದ ಕೊರತೆಯೇ, ರಕ್ತಸ್ರಾವವೇ, ಪೊಟ್ಯಾಸಿಯಂ ಏರುಪೇರೇ, ವಿಷವೇ? ಅನಂತರ "ನನ್ನ ಗಮನಕ್ಕೆ ಬಾರದ್ದು ಏನಾದರೂ ಇದೆಯೇ?" ಎಂದು ಕೇಳಿ. ದೊಡ್ಡ ಡಾಕ್ಟರ ಎದುರು ಹೇಗೆ ಮಾತಾಡುವುದೆಂದು ಸಿಸ್ಟರ್ ಸುಮ್ಮನಾದರೆ ನಷ್ಟ ರೋಗಿಗೆ. ಆಕ್ಸಿಜನ್ ಕೊಳವೆ ಕಳಚಿದ್ದನ್ನು ಕಂಡ ಆಯಾ ಕೂಡ ಕೂಗಿ ಹೇಳುವಂತಿರಬೇಕು.

ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಇರುವವರೇ ಮೂವರು, ಆಗೇನು ಮಾಡುವುದು ಎಂದು ನೀವು ಕೇಳಬಹುದು. ವೈದ್ಯರೇ ಎದೆ ಒತ್ತಬೇಕಾಗಿ ಬಂದರೆ, ಗಡಿಯಾರ ನೋಡಿ ವೇಳೆ ಕೂಗುವ ಹೊಣೆಯನ್ನು ಸಿಸ್ಟರಿಗೆ ವಹಿಸಿ, ಆಕೆಯ ಮಾತಿಗೆ ಕಿವಿಗೊಡಲಿ.

ಎಲ್ಲ ಪ್ರಯತ್ನವೂ ಫಲಿಸದಿದ್ದಾಗ ನಿಲ್ಲಿಸುವ ನಿರ್ಧಾರವೂ ನಾಯಕನದೇ. ಆದರೆ ತಂಡದ ಅಭಿಪ್ರಾಯ ಕೇಳಿಯೇ ನಿಲ್ಲಿಸಬೇಕು. ಹೊರಗೆ ಕಾದಿರುವ ಮನೆಯವರಿಗೆ ಸುದ್ದಿಯನ್ನು ಬೇರೆಯವರಿಂದ ಹೇಳಿಕಳಿಸಬಾರದು. ಅವರನ್ನು ಕೂರಿಸಿ, ತಾನೂ ಕುಳಿತು, "ತೀರಿಕೊಂಡರು" ಎಂದು ಸ್ಪಷ್ಟವಾಗಿ ಹೇಳಬೇಕು.

ಬಳಿಕ ಐದು ನಿಮಿಷ ತಂಡದೊಡನೆ ಮಾತಾಡಿ. ಏನು ಸರಿಹೋಯಿತು, ಎಲ್ಲಿ ತಡವಾಯಿತು ಎಂದು ನೋಡಿ. ಟ್ರಾಲಿಯಲ್ಲಿ ಖಾಲಿಯಾದುದನ್ನು ಆಗಲೇ ತುಂಬಿಡಿ. ಮುಂದಿನ ಕರೆ ಯಾವ ಗಳಿಗೆಯಲ್ಲಾದರೂ ಬರಬಹುದು.